ಮೇಜಿನಕ್ಕನ ತಾತ್ಸಾರ

ಕಟ್ಟು ಹಲ್ಲು ಮಾಡುವುದರಲ್ಲಿ ಮೇಜಿನಕ್ಕನಿಗೆ ಸರಿಸಾಟಿ ಯಾರೂ ಇರಲಿಲ್ಲ. ಬಾಯಿಯ ಅಚ್ಚು ಬಂತೆಂದರೆ ಅದಕ್ಕೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಬಿಡಿಸಿ, ಮೇಣದ ವಸಡು ಕೂರಿಸಿ, ಒಂದೊಂದೇ ಹಲ್ಲನ್ನು ಚಿಮಟದಲ್ಲಿ ಹಿಡಿದು ನೆಡುತ್ತಿದ್ದಳು. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಕೂದಲೆಳೆ ಸಂದಿಲ್ಲದೆ ಕೂತರೆ ಮಾತ್ರ ಮುಂದಿನ ಅಚ್ಚಿಗೆ ಕೈಹಾಕುವವಳು. ಇಪ್ಪತ್ತು ವರ್ಷದಿಂದ ಹಲ್ಲಿನ ಡಾಕ್ಟರ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಇದೇ ಕೆಲಸ. ಆದರೆ ಊರಿಗೆ ಅವಳ ಗುರುತು ಇದ್ದದ್ದು ಎದುರಿನ ಕ್ರೀಡಾಂಗಣದಿಂದ. ಬ್ಯಾಸ್ಕೆಟ್‌ಬಾಲ್ ಲೀಗಿನ ಪಂದ್ಯವಿದ್ದ ಸಂಜೆ ಏಪ್ರನ್ ಬಿಚ್ಚಿ, ಉಗುರಿನ ಸಂದಿಯ ಪ್ಲಾಸ್ಟರ್ ತೊಳೆದು, ರಸ್ತೆ ದಾಟಿ ಹೋಗಿ, ಅಂಕಣದ ಪಕ್ಕದ ಉದ್ದ ಮೇಜಿನ ಮುಂದೆ ಕೂತು ಅಂಕಪಟ್ಟಿ ಬರೆಯುತ್ತಿದ್ದಳು. ಆಟಗಾರರು, ರೆಫರಿಗಳು, ಬಾಗಿಲು ಕಾಯುವವನು, ಎಲ್ಲರಿಗೂ ಅವಳು ಮೇಜಿನಕ್ಕ.

ಅವಳೂ ಒಂದು ಕಾಲದಲ್ಲಿ ಆಡಿದವಳೇ. ಇಪ್ಪತ್ತೆರಡನೆಯ ವಯಸ್ಸಿಗೆ ಮಂಡಿ ಕೈಕೊಟ್ಟಿತು. ಅಂಕಣದ ಒಳಗಿರುವುದು ಸಾಧ್ಯವಿಲ್ಲದಿದ್ದರೆ ಅದರ ಅಂಚಿನಲ್ಲಾದರೂ ಇರುತ್ತೇನೆ ಎಂದು ಅಂಕ ಬರೆಯುವ ಪರೀಕ್ಷೆ ಪಾಸು ಮಾಡಿಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಅವಳ ಹಾಳೆಯಲ್ಲಿ ಒಂದು ತಪ್ಪನ್ನೂ ಯಾರೂ ತೋರಿಸಿರಲಿಲ್ಲ. ಅವಳಿಗೆ ಅದರ ಬಗ್ಗೆ ಹೆಮ್ಮೆ ಇತ್ತು. ಆ ಹೆಮ್ಮೆಯ ಜೊತೆಗೇ, ಅದಕ್ಕಿಂತ ಎರಡು ಪಟ್ಟು ದಪ್ಪವಾಗಿ, ಅಭಿಮಾನಿಗಳ ಮೇಲೆ ತಾತ್ಸಾರವೂ ಬೆಳೆದಿತ್ತು.

ಅಭಿಮಾನಿಗಳೆಂದರೆ ಮುಖ್ಯವಾಗಿ ಮೂವರು. ಡಾಕ್ಟರಿಗೂ ಆಟದ ಹುಚ್ಚು ಇದ್ದುದರಿಂದ ಲ್ಯಾಬಿನ ಮುಂದಿನ ಕೋಣೆಯ ಬೆಂಚು ಈ ಮೂವರಿಗೆ ಬರೆದುಕೊಟ್ಟ ಆಸ್ತಿಯಂತಾಗಿತ್ತು. ಒಬ್ಬ ಅವಳ ಸ್ವಂತ ಮೈದುನ, ಪರದೆ ಬಟ್ಟೆಯ ಅಂಗಡಿಯವನು. ಅಂಗಡಿಗೆ ಗಿರಾಕಿ ಬಂದರೆ ಎದ್ದು ನಿಲ್ಲಲು ಸೋಮಾರಿತನ. ಇಲ್ಲಿ ಬಂದು ಕೋಚ್‌ಗೆ ಬುದ್ಧಿ ಹೇಳಲು ಮಾತ್ರ ಎರಡು ಗಂಟೆ ನಿಂತೇ ಇರುವನು. ಇನ್ನೊಬ್ಬ ವಿಮೆ ಏಜೆಂಟ್. ಯಾರು ಕೊನೆಯಲ್ಲಿ ಮಾತಾಡಿದರೋ ಅವರದೇ ಸರಿ ಎನ್ನುವ ಜಾತಿ. ಮೂರನೆಯವರು ನಿವೃತ್ತ ಲೆಕ್ಕದ ಮೇಷ್ಟ್ರು. ಅವರದು ಮಾತು ಕಡಿಮೆ, ಬರವಣಿಗೆ ಜಾಸ್ತಿ. ತೊಡೆಯ ಮೇಲೆ ಒಂದು ನೋಟ್‌ಬುಕ್, ಅದರಲ್ಲಿ ಹಸಿರು ಶಾಯಿಯಲ್ಲಿ ಇರುವೆ ಸಾಲಿನಂಥ ಅಂಕಿಗಳು. ಮೂವರಲ್ಲಿ ಯಾರೂ ಜೀವನದಲ್ಲಿ ಒಮ್ಮೆಯೂ ಚೆಂಡು ಪುಟಿಸಿದವರಲ್ಲ. ಅರೆಗೋಡೆಯ ಆಚೆ ಮಷೀನಿನಲ್ಲಿ ಕಟ್ಟು ಹಲ್ಲಿಗೆ ಹೊಳಪು ಕೊಡುತ್ತ ಕೂತ ಮೇಜಿನಕ್ಕನಿಗೆ ಅವರ ಪ್ರತಿಯೊಂದು ಮಾತೂ ಕಿವಿಗೆ ಬೀಳುತ್ತಿತ್ತು. ಮಷೀನಿನ ಸದ್ದು ಇನ್ನೂ ಸ್ವಲ್ಪ ಜೋರಾಗಿದ್ದರೆ ಒಳ್ಳೆಯದಿತ್ತು ಎಂದುಕೊಳ್ಳುತ್ತಿದ್ದಳು.

ಆ ವರ್ಷ ಲೀಗಿನ ಕೊನೆಯ ಮೂರು ವಾರ ಬೆಂಚಿನ ಮೇಲೆ ಒಂದೇ ಜಪ: ಪ್ಲೇ-ಆಫ್. ಎಂಟು ತಂಡಗಳಲ್ಲಿ ಮೊದಲ ನಾಲ್ಕಕ್ಕೆ ಮಾತ್ರ ಆ ಭಾಗ್ಯ. ಊರಿನ ತಂಡ ಐದನೆಯದಾಗಿತ್ತು. ಇವರು ಗೆದ್ದು ಅವರು ಸೋತರೆ, ಅವರು ಸೋತು ಇನ್ನೊಬ್ಬರು ಗೆದ್ದರೆ ಎಂದು ಮೂವರೂ ಅಂಗೈಯಲ್ಲಿ ಆಕಾಶ ಹರಡಿಕೊಂಡು ಕೂತಿದ್ದರು. ಅಷ್ಟರಲ್ಲಿ ತಂಡ ಸುಮ್ಮನೆ ಎರಡು ಪಂದ್ಯ ಗೆದ್ದು ಮೂರನೆಯ ಸ್ಥಾನಕ್ಕೆ ಏರಿಬಿಟ್ಟಿತು. ಒಂದು ಪಂದ್ಯ ಉಳಿದಿತ್ತು. ಅದನ್ನು ಸೋತರೂ ನಾಲ್ಕನೆಯ ಸ್ಥಾನ ಖಾತ್ರಿ. ಮಾತಿನ ಮಂದಿಗೆ ಇನ್ನು ಮಾತಾಡಲು ಏನಿದೆ ಎಂದು ಮೇಜಿನಕ್ಕ ಸಮಾಧಾನಪಟ್ಟಳು.

ಅದು ಅವಳ ತಪ್ಪು ಎಣಿಕೆ. ಮರುದಿನವೇ ಮೈದುನ ಹೊಸ ವಾದ ಹೊತ್ತು ತಂದ. ಮೂರನೆಯದಾಗಿ ಮುಗಿಸಿದರೆ ಎದುರಾಗುವುದು ಎರಡನೆಯ ಸ್ಥಾನದ ಉದ್ದಕಾಲಿನವರು, ನಮ್ಮನ್ನು ಎರಡು ಸಲ ನೆಲಕ್ಕೆ ಕೆಡವಿದವರು. ನಾಲ್ಕನೆಯದಾಗಿ ಮುಗಿಸಿದರೆ ಎದುರಾಗುವುದು ಮೊದಲ ಸ್ಥಾನದವರು. ಅವರ ಮುಖ್ಯ ಆಟಗಾರನ ಕಾಲು ಉಳುಕಿದೆ, ನಡೆಯಲೂ ಆಗುತ್ತಿಲ್ಲವಂತೆ. ಆದ್ದರಿಂದ ಕೊನೆಯ ಪಂದ್ಯ ಸೋಲುವುದೇ ಜಾಣತನ. ಏಜೆಂಟ್ ಕೂಡಲೇ ಒಪ್ಪಿದ. ಡಾಕ್ಟರು ಗ್ಲೌಸು ಬಿಚ್ಚದೆಯೇ ಬಂದು ಕೇಳಿ, ತಲೆಯಾಡಿಸುತ್ತ ಹೋದರು. ಮೇಷ್ಟ್ರು ಹಸಿರು ಶಾಯಿಯಲ್ಲಿ ಏನನ್ನೋ ಭಾಗಿಸಿದರು.

ಮೇಜಿನಕ್ಕ ಕೈಯಲ್ಲಿದ್ದ ಕೋರೆಹಲ್ಲನ್ನು ಕೆಳಗಿಟ್ಟು ಅರೆಗೋಡೆಯ ಹತ್ತಿರ ಬಂದಳು.

“ನಮ್ಮ ಟೀಮಿನ ಕ್ಯಾಪ್ಟನ್ನಿಗೆ ಮೂವತ್ತೈದು ವರ್ಷ. ಇದು ಅವನ ಕೊನೇ ಸೀಸನ್ನು. ಹೋಗಿ ಅವನ ಮುಖ ನೋಡ್ಕೊಂಡು ಈ ಮಾತು ಹೇಳ್ತೀಯಾ?”

“ಭಾವನೆ ಬೇರೆ, ಲೆಕ್ಕ ಬೇರೆ ಅತ್ತಿಗೆ,” ಎಂದ ಮೈದುನ, ದೊಡ್ಡ ಜ್ಞಾನಿಯ ಹಾಗೆ.

ಅವಳು ಹೋಗಿ ಮತ್ತೆ ಕೋರೆಹಲ್ಲು ಕೈಗೆತ್ತಿಕೊಂಡಳು. ಇಂಥವರ ಜೊತೆ ವಾದಕ್ಕಿಳಿದರೆ ತಾನೂ ಅದೇ ಬೆಂಚಿನ ಮೇಲೆ ಕೂತ ಹಾಗೆ. ರಾತ್ರಿ ಊಟಕ್ಕೆ ಕೂತಾಗ ಗಂಡ, ನನ್ನ ತಮ್ಮ ಚಿಕ್ಕಂದಿನಿಂದ ಹಾಗೇ, ಬಿಟ್ಟುಬಿಡು ಎಂದ. ಮನೆಯವರೆಲ್ಲ ಬಿಟ್ಟೂ ಬಿಟ್ಟೂ ಅವನು ಹಾಗಾದದ್ದು ಎಂದಳು ಅವಳು.

ಕೊನೆಯ ಪಂದ್ಯ ಪಟ್ಟಿಯ ತಳದಲ್ಲಿದ್ದ ತಂಡದ ಮೇಲೆ. ಬೆಂಚಿನ ಮೂವರು ಎಂದಿನಂತೆ ಮೇಜಿನ ಹಿಂದಿನ ಮೊದಲ ಸಾಲಿನಲ್ಲೇ ಬಂದು ಕೂತರು. ಮೊದಲ ಕಾಲುಭಾಗ ಮುಗಿಯುವ ಹೊತ್ತಿಗೆ ಊರಿನ ತಂಡದ ಆರನೆಯ ನಂಬರಿನವನು ಪಾದ ಹೊರಳಿ ಬಿದ್ದ. ಅವನ ಕೈಯನ್ನು ಹೆಗಲ ಮೇಲೆ ಹಾಕಿಕೊಂಡು ಒಳಗೆ ಕರೆದೊಯ್ದರು. ಮೇಜಿನಕ್ಕ ಕೆಂಪು ಪೆನ್ನು ಮುಚ್ಚಿ ನೀಲಿ ತೆಗೆದಳು. ಮೊದಲ ಮತ್ತು ಮೂರನೆಯ ಭಾಗಕ್ಕೆ ಕೆಂಪು, ಎರಡು ಮತ್ತು ನಾಲ್ಕಕ್ಕೆ ನೀಲಿ. ಅದು ಹಾಳೆಯ ನಿಯಮ.

ಎರಡನೆಯ ಭಾಗದಲ್ಲಿ ಏಳನೆಯ ನಂಬರಿನ ಕ್ಯಾಪ್ಟನ್ ಇಬ್ಬರ ನಡುವೆ ನುಗ್ಗಿ ಚೆಂಡನ್ನು ಬುಟ್ಟಿಗೆ ಹಾಕಿದ. ಕ್ರೀಡಾಂಗಣವೆಲ್ಲ ಎದ್ದು ಕೂಗಿತು. ಮೇಜಿನ ಹಿಂದಿನಿಂದ ಮಾತ್ರ ನರಳಾಟ ಕೇಳಿಸಿತು.

“ಅಯ್ಯೋ, ಯಾಕಪ್ಪಾ ಹಾಕ್ದೆ,” ಎನ್ನುತ್ತಿದ್ದ ಮೈದುನ.

ಮೇಜಿನಕ್ಕನ ಮೈ ಉರಿದುಹೋಯಿತು. ಹತ್ತೊಂಬತ್ತು ವರ್ಷದಲ್ಲಿ ಎಂದೂ ಮಾಡದ ಕೆಲಸ ಮಾಡಿದಳು: ಆಟ ನಡೆಯುತ್ತಿರುವಾಗಲೇ ಹಿಂದಕ್ಕೆ ತಿರುಗಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಚಪ್ಪಲಿಗೆ ಅಂಟಿದ್ದನ್ನು ನೋಡುವ ನೋಟ ಅದು. ಮೈದುನ ಹುಳ್ಳಗೆ ನಕ್ಕ. ಅಷ್ಟರಲ್ಲಿ ಸೀಟಿ ಕೇಳಿಸಿತು. ಅವಳು ಮುಂದೆ ತಿರುಗುವ ಹೊತ್ತಿಗೆ ರೆಫರಿ ಊರಿನ ತಂಡದಲ್ಲಿ ಫೌಲ್ ಮಾಡಿದವನ ನಂಬರು ತೋರಿಸಿ ಬೆರಳು ಮಡಚುತ್ತಿದ್ದ. ಒಂದು ಕೈಯಲ್ಲಿ ಐದು, ಇನ್ನೊಂದರಲ್ಲಿ ಒಂದು ಕಂಡಂತಾಯಿತು. ಆರು. ಆರನೆಯ ನಂಬರಿನ ಸಾಲಿನಲ್ಲಿ ನೀಲಿ ಗುರುತು ಹಾಕಿ ಮುಂದಕ್ಕೆ ಹೋದಳು.

ಕೊನೆಯ ಭಾಗದಲ್ಲಿ ಎರಡೂವರೆ ನಿಮಿಷ ಉಳಿದಿದ್ದಾಗ ಊರಿನ ತಂಡ ಮೂರು ಅಂಕ ಮುಂದಿತ್ತು. ಕ್ಯಾಪ್ಟನ್ ಒಂದು ಫೌಲ್ ಮಾಡಿದ. ಅವಳ ಹಾಳೆಯಲ್ಲಿ ಅದು ಅವನ ನಾಲ್ಕನೆಯದು. ಐದಾದರೆ ಆಟಗಾರ ಹೊರಗೆ ಹೋಗಬೇಕು. ಅವಳು ನಾಲ್ಕರ ಫಲಕ ಎತ್ತಿ ತೋರಿಸಿದಳು. ಆಗ ಬೆನ್ನ ಹಿಂದೆ ಯಾರೋ ಬಗ್ಗಿದಂತಾಯಿತು. ಮೇಷ್ಟ್ರು, ನೋಟ್‌ಬುಕ್ ಎದೆಗೆ ಅವಚಿಕೊಂಡು ನಿಂತಿದ್ದರು.

“ಒಂದ್ಸಲ ನೋಡಿಮ್ಮ. ಏಳಕ್ಕೆ ಇದು ಐದನೇದು.”

“ನಿಮ್ಮ ಜಾಗಕ್ಕೆ ಹೋಗಿ ಮೇಷ್ಟ್ರೇ. ಇಲ್ಲಿ ಬರೆಯೋದು ನಾನು.”

“ಎರಡನೇ ಭಾಗದಲ್ಲಿ ಒಂದು ಬೇರೆ ಯಾರ ಲೆಕ್ಕಕ್ಕೋ ಹೋಗಿದೆ. ನನ್ನ ಮಾತು ಬೇಡ, ನಿಮ್ಮ ಹಾಳೇನೇ ನೋಡಿ,” ಎಂದು ಮೆಲ್ಲಗೆ ಹೇಳಿ ಅವರು ಹಿಂದಕ್ಕೆ ಹೋದರು.

ಹಸಿರು ಶಾಯಿಯ ಈ ಮುದುಕನಿಂದ ನಾನು ಪಾಠ ಕಲಿಯಬೇಕೇ ಎಂದುಕೊಳ್ಳುತ್ತಲೇ ಅವಳ ಕಣ್ಣು ಹಾಳೆಯ ಮೇಲೆ ಹರಿಯಿತು. ಆರನೆಯ ಸಾಲಿನಲ್ಲಿ ಒಂದು ನೀಲಿ ಗುರುತು. ಆರನೆಯವನೋ ಮೊದಲ ಭಾಗದಲ್ಲೇ ಬಿದ್ದು ಒಳಗೆ ಹೋದವನು, ಮತ್ತೆ ಅಂಕಣಕ್ಕೆ ಕಾಲಿಟ್ಟಿರಲಿಲ್ಲ. ಅಲ್ಲಿ ನೀಲಿ ಶಾಯಿ ಬರಲು ಸಾಧ್ಯವೇ ಇರಲಿಲ್ಲ. ತಾನು ತಿರುಗಿ ನೋಡಿದ ಆ ಒಂದು ಗಳಿಗೆ, ಮೈದುನನ ಹುಳ್ಳನೆಯ ನಗು, ಮಡಚುತ್ತಿದ್ದ ಬೆರಳುಗಳು, ಎಲ್ಲ ಒಟ್ಟಿಗೆ ನೆನಪಾದವು.

ಆಟ ನಡೆಯುತ್ತಲೇ ಇತ್ತು. ಬೇರೆ ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದುಬಿಟ್ಟರೆ ಕ್ಯಾಪ್ಟನ್ ಆಡುತ್ತಾನೆ, ತಂಡ ಗೆಲ್ಲುತ್ತದೆ, ಹಿಂದಿನ ಸಾಲಿನ ಮಹಾಜ್ಞಾನಿಗಳ ಮುಖಕ್ಕೆ ಮಸಿ ಬಳಿದಂತಾಗುತ್ತದೆ. ಬಾಯಿ ಬಿಟ್ಟರೆ ಅವರ ಆಸೆ ಈಡೇರುತ್ತದೆ, ಅದೂ ತನ್ನ ಕೈಯಿಂದಲೇ. ಅವಳನ್ನು ಹಿಡಿದು ನಿಲ್ಲಿಸಿದ್ದು ತಂಡದ ಮೇಲಿನ ಪ್ರೀತಿಯಲ್ಲ, ಮೈದುನ ಗೆಲ್ಲುತ್ತಾನಲ್ಲ ಎಂಬ ಹೊಟ್ಟೆಯುರಿ. ಅದು ಹೊಳೆದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಚೆಂಡು ಗೆರೆಯಾಚೆ ಹೋಗಿ ಗಡಿಯಾರ ನಿಂತ ಕೂಡಲೇ ಹಾರ್ನ್ ಒತ್ತಿದಳು.

ರೆಫರಿ ಬಂದ. ಅವಳು ಹಾಳೆ ಅವನ ಕಡೆ ತಿರುಗಿಸಿ, ತಪ್ಪು ನನ್ನದು, ಇದು ಏಳರದ್ದು ಎಂದು ನೀಲಿ ಗುರುತಿನ ಮೇಲೆ ಬೆರಳಿಟ್ಟಳು. ಕ್ರೀಡಾಂಗಣ ಬೊಬ್ಬೆ ಹಾಕಿತು. ಕ್ಯಾಪ್ಟನ್ ಮಾತ್ರ ವಾದಿಸಲಿಲ್ಲ. ಬೆವರು ಒರೆಸುತ್ತ ಮೇಜಿನ ಹತ್ತಿರ ಬಂದು, ಅವಳಿಗಷ್ಟೇ ಕೇಳುವಂತೆ ಹೇಳಿದ.

“ನಂಗೆ ಗೊತ್ತಿತ್ತು ಅಕ್ಕ. ನೀವು ನೋಡಿಲ್ಲ ಅಂತ ಸುಮ್ಮನಾದೆ.”

ಇಡೀ ಕ್ರೀಡಾಂಗಣದಲ್ಲಿ ಅವಳು ಗೌರವ ಇಟ್ಟುಕೊಂಡಿದ್ದದ್ದು ಅವನೊಬ್ಬನ ಮೇಲೆ. ಅದೂ ಆ ಸಂಜೆ ಮುಗಿಯಿತು.

ಕ್ಯಾಪ್ಟನ್ ಹೊರಗೆ ಹೋದ ಮೇಲೆ ತಂಡ ಒಂದು ಅಂಕದಿಂದ ಸೋತು ನಾಲ್ಕನೆಯದಾಯಿತು. ಮೈದುನನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನ ಅಂಗಡಿಗೆ ಬಂದವರಿಗೆಲ್ಲ, ಅತ್ತಿಗೆ ನಮ್ಮವರೇ, ಹೇಗೆ ಸರಿಯಾದ ಹೊತ್ತಿಗೆ ಹಾರ್ನ್ ಒತ್ತಿದರು ನೋಡಿದಿರಾ ಎಂದು ಕಣ್ಣು ಮಿಟುಕಿಸುತ್ತ ಪರದೆ ಅಳೆದುಕೊಟ್ಟ. ತಲೆಬುಡವಿಲ್ಲದ ಆ ಬಡಾಯಿ ಎರಡೇ ದಿನದಲ್ಲಿ ಲೀಗಿನ ಸಮಿತಿಯನ್ನು ಮುಟ್ಟಿತು. ಮೇಜಿನಕ್ಕನಿಗೆ ಕರೆ ಬಂತು.

ಸಮಿತಿಯ ಕೋಣೆಯಲ್ಲಿ ಐದು ಕುರ್ಚಿ, ಒಂದು ಒಡಕು ಟ್ರೋಫಿ, ಮೂವರು ಗಂಭೀರ ಮುಖದವರು. ಬೇಕೆಂದೇ ಮಾಡಿದಿರಾ ಎಂದು ಕಾರ್ಯದರ್ಶಿ ಸುತ್ತಿ ಬಳಸಿ ಕೇಳಿದ. ಇಲ್ಲ ಎಂದಳು. ಹಾಗಾದರೆ ತಪ್ಪು ಹೇಗಾಯಿತು ಎಂದದ್ದಕ್ಕೆ, ಹಿಂದಕ್ಕೆ ತಿರುಗಿ ನೋಡಿದೆ ಎಂದಳು.

“ಯಾಕೆ ತಿರುಗಿದ್ರಿ?”

“ತಾತ್ಸಾರಕ್ಕೆ.”

ಕಾರ್ಯದರ್ಶಿಗೆ ಅದನ್ನು ಹೇಗೆ ಬರೆದುಕೊಳ್ಳುವುದೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತು ಪೆನ್ನು ಕಚ್ಚಿ, ‘ಗಮನ ತಪ್ಪಿದ್ದರಿಂದ’ ಎಂದು ಬರೆದ.

ಸಾಕ್ಷಿ ಯಾರಾದರೂ ಇದ್ದಾರೆಯೇ ಎಂದರು. ಮೇಷ್ಟ್ರ ಹೆಸರು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಆದರೂ ಮಾರನೆಯ ದಿನ ಲ್ಯಾಬಿನ ಮುಂದಿನ ಕೋಣೆಗೆ ತಾನಾಗಿ ಬಂದು ಮೇಷ್ಟ್ರ ಎದುರು ನಿಂತಳು. ಹದಿನೈದು ವರ್ಷದಲ್ಲಿ ಅವರನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಮೇಷ್ಟ್ರು ನೋಟ್‌ಬುಕ್ ಹಿಡಿದು ಸಮಿತಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದರು. ಹೇಳಿ ಸುಮ್ಮನೆ ಬರಲಿಲ್ಲ. ಲೀಗಿನ ಪುಸ್ತಕದಲ್ಲಿ ತಮ್ಮ ಹೆಸರನ್ನು ‘ಗೌರವ ಅಂಕಿಅಂಶ ತಜ್ಞ’ ಎಂದು ಸೇರಿಸಬೇಕು ಅಂತ ಒಂದು ಅರ್ಜಿಯನ್ನೂ ಕೊಟ್ಟು ಬಂದರು. ಅದನ್ನು ಕೇಳಿದ ಮೇಜಿನಕ್ಕ ಮೂಗು ಮುರಿದಳು. ಆದರೆ ಅರ್ಜಿಯ ಕೆಳಗೆ ಶಿಫಾರಸಿನ ಸಹಿ ಬೇಕೆಂದಾಗ ತಾನೇ ಹಾಕಿಕೊಟ್ಟಳು.

ಬೇಕೆಂದು ಮಾಡಿದ್ದಲ್ಲ ಎಂದು ಸಮಿತಿ ಒಪ್ಪಿತು. ತಪ್ಪಿಗಾಗಿ ಪ್ಲೇ-ಆಫ್ ಪಂದ್ಯಗಳಿಗೆ ಮಾತ್ರ ಅವಳನ್ನು ಮೇಜಿನಿಂದ ದೂರವಿಟ್ಟಿತು. ಹಾಗಾಗಿ ಹತ್ತೊಂಬತ್ತು ವರ್ಷದ ಮೇಲೆ ಅವಳು ಜನರ ನಡುವೆ, ಮೇಲಿನ ಸಾಲಿನಲ್ಲಿ ಕೂತು ಆಟ ನೋಡಿದಳು. ನಡೆಯಲೂ ಆಗದವನೆಂದು ಮೈದುನ ಹೇಳಿದ್ದ ಆಟಗಾರ ಜಿಂಕೆಯ ಹಾಗೆ ಜಿಗಿಯುತ್ತಿದ್ದ. ಊರಿನ ತಂಡ ಮೊದಲ ಪಂದ್ಯ ಮೂವತ್ತೊಂದು ಅಂಕದಿಂದ ಸೋತಿತು, ಎರಡನೆಯದು ಇಪ್ಪತ್ತನಾಲ್ಕರಿಂದ. ಮೂರು ಪಂದ್ಯಗಳ ಸುತ್ತು ಅಲ್ಲಿಗೇ ಮುಗಿಯಿತು. ಅಷ್ಟು ಹೊತ್ತಿಗೆ ಮೈದುನ ಮಾತು ಬದಲಿಸಿದ್ದ. ಉದ್ದಕಾಲಿನವರೇ ವಾಸಿಯಿತ್ತು, ಅತ್ತಿಗೆ ಆ ದಿನ ಹಾರ್ನ್ ಒತ್ತದಿದ್ದರೆ ಇಷ್ಟೊತ್ತಿಗೆ ಫೈನಲ್ಲಿನಲ್ಲಿರುತ್ತಿದ್ದೆವು ಎನ್ನುತ್ತಿದ್ದ. ಏಜೆಂಟ್ ಹೌದೌದು ಎಂದ.

ಕ್ಯಾಪ್ಟನ್ ಆಟ ಬಿಟ್ಟ. ಎರಡು ತಿಂಗಳಾದ ಮೇಲೆ ಲ್ಯಾಬಿಗೆ ಬಂದ. ಕೊನೆಯ ಪಂದ್ಯದಲ್ಲಿ ಯಾರದ್ದೋ ಮೊಣಕೈ ತಗಲಿ ಮುಂದಿನ ಹಲ್ಲು ಮುರಿದಿತ್ತು. ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಬೇಕಿತ್ತು. ಅವಳು ಬಣ್ಣದ ಮಾದರಿಗಳ ಪಟ್ಟಿ ಹಿಡಿದು ಅವನನ್ನು ಕಿಟಕಿಯ ಬೆಳಕಿಗೆ ಕೂರಿಸಿದಳು.

“ಇನ್ನೂ ಕೋಪನಾ ಅಕ್ಕ?” ಎಂದ.

“ಬಾಯಿ ತೆಗಿ,” ಎಂದಳು.

ಹಲ್ಲು ಮಾತ್ರ ಎಷ್ಟು ಚೆನ್ನಾಗಿ ಮಾಡಿಕೊಟ್ಟಳೆಂದರೆ, ಯಾವುದು ಮುರಿದದ್ದೆಂದು ಅವನ ಹೆಂಡತಿಗೂ ತಿಳಿಯಲಿಲ್ಲವಂತೆ.

ಮುಂದಿನ ಸೀಸನ್ನಿಗೆ ಅವಳು ಮೇಜಿಗೆ ಮರಳಿದಳು. ಪಕ್ಕದಲ್ಲಿ ಸಹಾಯಕರ ಕುರ್ಚಿ ಖಾಲಿಯಾದಾಗ, ಬೇರೆ ಯಾರನ್ನೂ ಹಾಕಬೇಡಿ ಎಂದು ಮೇಷ್ಟ್ರ ಹೆಸರು ಹೇಳಿದಳು. ಹಸಿರು ಶಾಯಿ ಮೇಜಿನ ಹತ್ತಿರ ತರಬಾರದು ಎಂಬ ಷರತ್ತೂ ಹಾಕಿದಳು. ಊರಿನ ತಂಡ ಆ ವರ್ಷ ಏಳನೆಯ ಸ್ಥಾನದಲ್ಲೇ ಉಳಿಯಿತು. ಪ್ಲೇ-ಆಫ್ ಮಾತೆತ್ತಲು ದಾರಿಯೇ ಇಲ್ಲವಾದ್ದರಿಂದ ಮೈದುನ ಮತ್ತು ಏಜೆಂಟ್ ಸೀಸನ್ನು ಮುಗಿಯುವ ಮೊದಲೇ ಬೆಂಚಿನ ಮೇಲೆ ಫುಟ್‌ಬಾಲ್ ಕೋಚ್‌ಗೆ ಬುದ್ಧಿ ಹೇಳಲು ಶುರುಮಾಡಿದರು.