ಕಣ್ಣೊರೆಸಿಕೊಳ್ಳುವ ಮೇಷ್ಟ್ರ ಖಾಲಿ ಮಹಡಿ

ಆ ಕಾದಂಬರಿಯನ್ನು ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಮೆರಿಕದ ಕಪ್ಪು ಜನರಿಗೆ ಬಿಳಿಯರು ಮಾಡಿದ ಅನ್ಯಾಯದ ಕತೆ. ಬರೆದವರ ತಪ್ಪೇನಿಲ್ಲ, ಪುಸ್ತಕ ಚೆನ್ನಾಗಿಯೇ ಇದೆ. ಹೊಳೆನರಸೀಪುರದಲ್ಲಿ ನಾನು ಕನ್ನಡ ಕಲಿಸುವ ಕಾಲೇಜಿನಲ್ಲಿ ಅದರ ಅನುವಾದ ಕೈಯಿಂದ ಕೈಗೆ ಹೋಗಿ ರಟ್ಟೇ ಕಿತ್ತುಬಂದಿದೆ. ಎಲ್ಲರೂ ಓದುತ್ತಾರೆ, ಎಲ್ಲರೂ ಅಳುತ್ತಾರೆ. ಯಾಕೆ ಅಳಬಾರದು? ಅದರಲ್ಲಿ ಕೆಟ್ಟವರೆಲ್ಲ ಬಿಳಿಯರು. ಓದುವವರ ಅಪ್ಪನೋ ಅತ್ತೆಯೋ ಯಾವ ಪುಟದಲ್ಲೂ ಎದುರಾಗುವುದಿಲ್ಲ.

ಎಲ್ಲರಿಗಿಂತ ಹೆಚ್ಚು ಅತ್ತವರು ನಮ್ಮ ಇಂಗ್ಲಿಷ್ ಮೇಷ್ಟ್ರು. ಪ್ರತಿ ವರ್ಷ ಅದನ್ನು ಪಾಠ ಮಾಡುವಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಅವರ ಮನೆಯ ಮಹಡಿ ಬಾಡಿಗೆಗಿದೆ ಎಂದು ತಿಳಿದಾಗ ನಾನು ಹಿಗ್ಗಿದ್ದು ಆ ಕಣ್ಣೀರನ್ನು ನಂಬಿಯೇ. ಅರಕಲಗೂಡಿನಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬಂದು ಸಾಕಾಗಿತ್ತು. ಮಗಳನ್ನೂ ಇಲ್ಲಿಯ ಶಾಲೆಗೇ ಸೇರಿಸಿಯಾಗಿತ್ತು.

ಭಾನುವಾರ ಅವಳನ್ನೂ ಕರೆದುಕೊಂಡು ಹೋದೆ. ಅವಳು ಮಹಡಿ ನೋಡಲು ಓಡಿದಳು. ಮೇಷ್ಟ್ರು ನನ್ನನ್ನು ಜಗಲಿಯಲ್ಲಿ ಕೂರಿಸಿ, "ಮನೆ ನಿಮ್ದೇ ಅಂದ್ಕಳಿ ಮೇಡಂ" ಅಂದರು. ಆಮೇಲೆ ಮೆಲ್ಲಗೆ, "ಅಂದಂಗೆ, ನಿಮ್ಮ ಮನೆದೇವ್ರು ಯಾವ್ದು?"

ನಮ್ಮ ಕಡೆ ಜಾತಿ ಕೇಳಲು ನಾಚುವವರು ದೇವರನ್ನು ಕೇಳುತ್ತಾರೆ. ಹೇಳಿದೆ. ಎಲ್ಲ ಜಾತಿಯವರೂ ನಡೆದುಕೊಳ್ಳುವ ದೇವರು ಅದು, ಪಾಪ, ಅವರಿಗೆ ಏನೂ ಗೊತ್ತಾಗಲಿಲ್ಲ. "ಊರಲ್ಲಿ ಮನೆ ಯಾವ ಬೀದೀಲಿ?" ಅಂದರು.

"ಬೀದೀಲಲ್ಲ ಸಾರ್, ಊರಾಚೆ ಕೇರೀಲಿ" ಅಂದೆ.

ಅವರ ಮುಖ ಸಣ್ಣಗಾಯಿತು. "ನಂಗೇನಿಲ್ಲ ಮೇಡಂ. ನಮ್ಮಮ್ಮ ಹಳೇ ಕಾಲ್ದೋರು, ಒಪ್ಪಕಿಲ್ಲ." ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ! ವರ್ಷವರ್ಷವೂ ಸುರಿಸಿದ ಕಣ್ಣೀರಿಗೆ ಒಂದು ಮೆಟ್ಟಿಲು ಹತ್ತುವ ತ್ರಾಣವೂ ಇರಲಿಲ್ಲ.

ಅಷ್ಟರಲ್ಲಿ ಮಗಳು ಮೇಲಿನಿಂದ ದಡದಡ ಇಳಿದು ಬಂದು, "ಅಮ್ಮಾ, ಎರಡು ಕಿಟಕಿ ಇರೋ ರೂಮು ನಂದು!" ಅಂದಳು.

"ನೀವೇ ಹೇಳಿ ಸಾರ್ ಅವಳಿಗೆ" ಅಂದೆ. "ಪಾಠ ಚೆನ್ನಾಗಿ ಮಾಡ್ತೀರಲ್ಲ."

ಮೇಷ್ಟ್ರು ಒಳಗೆ ತಿರುಗಿ, "ಕಾಫಿ ಆಯ್ತೇನೇ?" ಎಂದು ಹೆಂಡತಿಯನ್ನು ಕೂಗಿದರು. ಆ ಕಾಫಿಗೆ ನಾನು ಕಾಯಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಮಗಳು, "ಆ ಮನೆಗೆ ಬೇರೆಯವ್ರು ಬಂದ್ಬುಟ್ರಾ ಅಮ್ಮ?" ಅಂದಳು.

"ಇಲ್ಲ ಕಣೇ, ಖಾಲೀನೇ ಐತೆ."

"ಮತ್ತೆ?"

ಜಾತಿ ಎಂಬುದೊಂದಿದೆ ಎಂದು ನನ್ನ ಮಗಳಿಗೆ ನಾನು ಮೊದಲ ಸಲ ಹೇಳಿದ್ದು ಅಲ್ಲಿ ನಿಂತುಕೊಂಡು. ಆ ಪಾಠವನ್ನು ಮಾತ್ರ ಆ ಮನುಷ್ಯ ನನ್ನ ಕೊರಳಿಗೆ ಕಟ್ಟಿದ.