ಒಪ್ಪಿಗೆ ಕೇಳುತ್ತಿದ್ದ ಅತ್ತೆ

ಬೀದಿಯ ಮಕ್ಕಳಿಗೆಲ್ಲ ಅತ್ತೆಯಾಗಿದ್ದ ಆ ವಕೀಲರು ಅಂತಾರಾಷ್ಟ್ರೀಯ ಮಾನವ ಹಕ್ಕುಗಳ ಕಾನೂನನ್ನು ನಮ್ಮ ಅಡುಗೆಮನೆಗಳವರೆಗೂ ತಂದಿದ್ದರು. ಮಗುವಿಗೆ ತುತ್ತಿಟ್ಟರೆ “ಅದರ ಒಪ್ಪಿಗೆ ಕೇಳಿದ್ಯಾ?” ಎನ್ನುವರು, ಬೆಕ್ಕನ್ನು ಎತ್ತಿಕೊಂಡರೂ ಅದೇ ಪ್ರಶ್ನೆ. “ಮದುವೆಗೆ ಮನಸಾರೆ ಒಪ್ಪಿಗೆ ಬೇಕು ಅಂತ ದೇಶದೇಶದವರು ಕೂತು ಬರೆದಿದ್ದಾರಪ್ಪಾ, ಮಕ್ಕಳು ಹೂಂ ಅಂದ್ರೆ ಅದು ಒಪ್ಪಿಗೆ ಅಲ್ಲ!” ಎಂದು ತರಕಾರಿಯವನಿಗೂ ಪಾಠ, ಅವನು ಕೋಲೆಬಸವನ ಹಾಗೆ ತಲೆಯಾಡಿಸುತ್ತಲೇ ಬದನೆಕಾಯಿ ತೂಗುವನು. ಮದುವೆ ಮನೆಗೆ ಹೋದರೆ ಬಂಧುಬಳಗವನ್ನೆಲ್ಲ ಕೋಣೆಯಿಂದ ಹೊರಗಟ್ಟಿ, ಚಿಲಕ ಹಾಕಿ, ಹುಡುಗಿಯೊಬ್ಬಳನ್ನೇ ಕೇಳುವರು: “ನಿಜ ಹೇಳು, ಇಷ್ಟ ಇದೆಯಾ?” ನನ್ನ ಸರದಿ ಬಂದಾಗ ನಗುತ್ತ ಹೂಂ ಎಂದವಳು, “ನಿಮ್ಮ ಮದುವೇಲಿ ನಿಮ್ಮನ್ನ ಯಾರು ಕೇಳಿದ್ರು ಅತ್ತೆ?” ಎಂದೆ. ನನ್ನ ಕೂದಲು ಸರಿಮಾಡುತ್ತ ಹೇಳಿದರು: “ನಾನು ನಿದ್ದೆ ಮಾಡ್ತಿದ್ದೆ ಕಣೇ. ಎಬ್ಬಿಸಿದ್ರೆ ಅಳ್ತಾಳೆ ಅಂತ ಅಪ್ಪ ತೊಡೆ ಮೇಲೆ ಮಲಗಿಸ್ಕೊಂಡೇ ಮದುವೆ ಮುಗಿಸಿದ್ರು.”