ಮೇಜಿನ ಆಚೆ ಬದಿ

ನನ್ನ ಗಂಡನನ್ನು ಮಣ್ಣು ಮಾಡಿದ ಜಾಗ ನಾನು ನೋಡಿಲ್ಲ. ಈ ಕೊಲ್ಲಿ ದೇಶದಲ್ಲಿ ಹೆಂಗಸರು ಖಬರಸ್ತಾನದೊಳಗೆ ಹೋಗುವುದಿಲ್ಲ, ಗೋರಿಯ ಮೇಲೆ ಹೆಸರೂ ಬರೆಯುವುದಿಲ್ಲ. ಉಳ್ಳಾಲದಲ್ಲಾದರೆ ಗೋಡೆಯಾಚೆಯಿಂದಾದರೂ ಇಂಥ ಕಡೆ ಎಂದು ಯಾರಾದರೂ ತೋರಿಸುತ್ತಿದ್ದರು.

ನನ್ನ ಗಂಡ ರಫೀಕ್ ಇಲ್ಲಿಯ ರಾಸ್ ತನೂರಾ ಊರಿನ ತೈಲ ಪ್ಲಾಂಟಿನಲ್ಲಿ ಪಂಪ್ ರಿಪೇರಿ ಮಾಡುತ್ತಿದ್ದರು. ನಾನು ಬಂದ ಮೊದಲ ವರ್ಷ ಮಾತಿಗೆ ಜನವಿಲ್ಲದೆ ಗೋಡೆ ನೋಡುತ್ತ ಕೂರುತ್ತಿದ್ದೆ. ಅವರ ಮೇಲಧಿಕಾರಿ, ಒಬ್ಬ ಮುದಿ ಇಂಗ್ಲಿಷ್ ಇಂಜಿನಿಯರ್, ಶುಕ್ರವಾರಗಳಂದು ನಮಗೆ ತನ್ನ ದೇಶದ ನಾನೂರು ವರ್ಷ ಹಳೆಯ ಹಾಡುಗಳನ್ನು ಕಲಿಸಿದ. ಊರಿಗೆ ಹೋಗುವಾಗ ತನ್ನ ಲ್ಯೂಟನ್ನು ರಫೀಕರಿಗೆ ಬಿಟ್ಟುಹೋದ. ಅರಬರ ಊದ್ ಎಂಬ ತಂತಿವಾದ್ಯ ಯೂರೋಪಿಗೆ ಹೋಗಿ ನೆಲೆನಿಂತ ರೂಪ ಅದು. ಹಾಡುಗಳ ತುಂಬ ಕಣ್ಣೀರು, ಕತ್ತಲೆ.

"ಎಂತ ಮಾರಾಯ್ತಿ, ಅಳ್ಲಿಕ್ಕೂ ಇಂಗ್ಲಿಷ್ ಬೇಕಾ?" ಎಂದು ಪಕ್ಕದ ಮನೆಯ ಭಟ್ಕಳದ ನಸೀಮಾ ನಗುತ್ತಿದ್ದಳು.

ಹಾಡುವವರಿಗೂ ನುಡಿಸುವವರಿಗೂ ಒಂದೇ ಹಾಳೆ. ಅದನ್ನು ಮೇಜಿನ ಮೇಲಿಟ್ಟು ಎದುರುಬದುರು ಕೂರಬೇಕು. ಹಾಡುವ ನನ್ನ ಸಾಲು ನನ್ನ ಕಡೆಗೆ, ನುಡಿಸುವ ರಫೀಕರದು ತಲೆಕೆಳಗಾಗಿ ಅವರ ಕಡೆಗೆ. ಹಳೆಯ ಪುಸ್ತಕಗಳನ್ನು ಹಾಗೆಯೇ ಅಚ್ಚು ಹಾಕುತ್ತಿದ್ದರಂತೆ. ಹನ್ನೊಂದು ವರ್ಷ ಹಾಗೆ ಕೂತೆವು. ನಮಗೆ ತುಂಬ ಇಷ್ಟದ ಒಂದು ಹಾಡಿನ ಕೊನೆಯ ಉದ್ದ ಸಾಲನ್ನು ಒಂದೇ ಉಸಿರಿಗೆ ಮುಗಿಸುತ್ತೇನೆಂದು ನನಗೆ ಜಂಬ. "ಅದು ಉಸಿರಲ್ಲ, ನಮ್ಮ ಪ್ಲಾಂಟಿನ ಕಂಪ್ರೆಸರ್" ಎನ್ನುತ್ತಿದ್ದರು.

ಗಂಡ ತೀರಿದ ಮೇಲೆ ಹೆಂಡತಿ ಮನೆಯಲ್ಲೇ ಕಳೆಯುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿಯಿತು. ನನ್ನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಅವರ ಕೆಲಸಕ್ಕೆ ಅಂಟಿಕೊಂಡದ್ದು. ಮುಂದಿನ ವಾರ ಹೊರಡಬೇಕು. ಹೋಗುವ ಮೊದಲು ಆ ಹಾಡನ್ನು ಒಮ್ಮೆ ಪೂರ್ತಿ ಹಾಡಬೇಕೆಂದಿತ್ತು. ಆಗುತ್ತದೆಂಬ ಧೈರ್ಯವಿರಲಿಲ್ಲ.

ಕಳೆದ ಶುಕ್ರವಾರ ನಸೀಮಾಳ ಮನೆಯಲ್ಲಿ ಜೋಯೆಲ್ ಲ್ಯೂಟ್ ಹಿಡಿದು ರಫೀಕರ ಕಡೆ ಕೂತ. ಅವರ ಜೊತೆ ಕೆಲಸ ಮಾಡುತ್ತಿದ್ದ ಫಿಲಿಪಿನೊ, ಗಿಟಾರ್ ಬಲ್ಲವನು. ಹಾಳೆಯ ಮೇಲಿನ ಒಂದು ಬರಹಕ್ಕೆ ಬೆರಳಿಟ್ಟು ಹರಕು ಹಿಂದಿಯಲ್ಲಿ ಕೇಳಿದ: "ಮೇಡಂ, ಯೇ ಕ್ಯಾ ಲಿಖಾ? ರಫೀಕ್ ಭಾಯ್ ಲ್ಯಾಂಗ್ವೇಜ್?"

ನಾನು ಎದ್ದು ಅವನ ಹಿಂದೆ ಹೋಗಿ ನಿಂತೆ. ಆ ಬದಿಯಿಂದ ಹಾಳೆಯನ್ನು ನಾನು ಯಾವತ್ತೂ ನೋಡಿರಲಿಲ್ಲ. ಕೊನೆಯ ಸಾಲಿನ ನಡುವೆ ಪೆನ್ಸಿಲಿನಲ್ಲಿ, ಶಾಲೆಯಲ್ಲಿ ಕಲಿತ ಉರುಟು ಕನ್ನಡ ಅಕ್ಷರಗಳಲ್ಲಿ ಬರೆದಿತ್ತು: "ಇಲ್ಲಿ ನಿಧಾನ. ಉಸಿರು ತೆಗೀತಾಳೆ. ಗೊತ್ತಾಗಬಾರದು."

"ಎಂತದು?" ಎಂದಳು ನಸೀಮಾ.

"ಇಲ್ಲಿ ನಿಧಾನ ಮಾಡಬೇಕಂತೆ" ಎಂದೆ. ಉಳಿದದ್ದನ್ನು ಹೇಳಲಿಲ್ಲ.

ಜೋಯೆಲನಿಗೂ ಅಷ್ಟನ್ನೇ ಹಿಂದಿಯಲ್ಲಿ ಹೇಳಿದೆ, ಅವನು ಹಾಗೆಯೇ ನಿಧಾನ ಮಾಡಿದ. ನಾನು ಎಲ್ಲರಿಗೂ ಕೇಳುವಂತೆ ಉಸಿರೆಳೆದುಕೊಂಡು ಹಾಡು ಮುಗಿಸಿದೆ.

ಲ್ಯೂಟ್ ಜೋಯೆಲನ ಬಳಿ ಇರಲಿ. ಹಾಳೆ ನನ್ನ ಪೆಟ್ಟಿಗೆಯಲ್ಲಿದೆ. "ಇನ್ನು ಮನೆಗೆ ಬಾ" ಎನ್ನುತ್ತಾಳೆ ಅಕ್ಕ ಫೋನಿನಲ್ಲಿ. ಬರುತ್ತೇನೆ. ಉಳ್ಳಾಲದ ಮನೆಯಲ್ಲೂ ಒಂದು ಮೇಜಿದೆ. ಯಾವ ಬದಿಗೆ ಕೂರುವುದೆಂದು ಇನ್ನೂ ಗೊತ್ತಾಗಿಲ್ಲ.